ಚಿಕ್ಕ ಲೇತ್‌ಗೆ ಸಿಸಿಜಿಟಿಯೇ ಸರಿ

ನಿಮ್ಮದು ಮನೆಯಲ್ಲಿಡುವ 7 ಇಂಚಿನ ಮಿನಿ ಲೇತ್ ಆದರೆ ಸಿಸಿಜಿಟಿ ಟಿಪ್ ತಗೊಳ್ಳಿ. ಟಿಪ್ ಅಂದರೆ ತಿರುಗೋ ರಾಡನ್ನು ಕೊಯ್ಯೋಕೆ ಹೋಲ್ಡರ್ ತುದಿಗೆ ಸ್ಕ್ರೂ ಹಾಕಿ ಕೂರಿಸೋ ಚಿಕ್ಕ ಕಾರ್ಬೈಡ್ ತುಂಡು, ಸಿಸಿಜಿಟಿ ಅದರಲ್ಲೊಂದು ಬಗೆ. ಅಂಗಡಿಯವರು ‘ಅದು ಅಲ್ಯೂಮಿನಿಯಂಗೆ ಮಾತ್ರ’ ಅನ್ನುತ್ತಾರೆ. ಅನ್ನಲಿ ಬಿಡಿ, ನಾನು ಎಂಎಸ್ (ಮೈಲ್ಡ್ ಸ್ಟೀಲ್) ರಾಡಿಗೂ ಅದನ್ನೇ ಹಾಕುತ್ತೇನೆ.

ನನ್ನ ಹೋಲ್ಡರ್ ಸೆಟ್ ಜೊತೆ ಬಂದದ್ದು ಬಂಗಾರದ ಬಣ್ಣದ ಸಿಸಿಎಂಟಿ 060204, ಅದು ಇನ್ನೊಂದು ಬಗೆಯ ಟಿಪ್. ಅರ್ಧ ಮಿಲಿಮೀಟರ್ ಕಟ್ ಕೊಟ್ಟರೆ ಚೆನ್ನಾಗೇ ತೆಗೆಯುತ್ತದೆ. ರಗಳೆ ಶುರುವಾಗೋದು ಕೊನೇ ಕಟ್‌ನಲ್ಲಿ. 608 ಬೇರಿಂಗ್‌ಗೆ ಶಾಫ್ಟ್ ಮಾಡುತ್ತಿದ್ದೆ, 8 ಮಿ.ಮೀ. ಬೇಕಿತ್ತು, ಮೈಕ್ರೋಮೀಟರ್ 8.06 ತೋರಿಸಿತು. ಡಯಲ್‌ನಲ್ಲಿ ಅಷ್ಟಕ್ಕೇ ಕಟ್ ಕೊಟ್ಟೆ. ಟಿಪ್ ಸುಮ್ನೆ ಉಜ್ಜಿಕೊಂಡು ಹೋಯಿತು. ರಾಡ್ ಹೊಳೆಯಿತು, ಅಳತೆ 8.05! ಇನ್ನೊಂದು ಚೂರು ಕೊಟ್ಟೆ, ಮತ್ತೆ ಉಜ್ಜಿತು. ಇನ್ನೂ ಒಂದು ಚೂರು ಕೊಟ್ಟಾಗ ಅಲ್ಲಿವರೆಗೆ ಬಿಟ್ಟಿದ್ದನ್ನೆಲ್ಲ ಒಟ್ಟಿಗೇ ಕಚ್ಚಿ 7.94ಕ್ಕೆ ಇಳಿಸಿಬಿಟ್ಟಿತು. ಬೇರಿಂಗ್ ಲೊಡಲೊಡ, ಶಾಫ್ಟ್ ಗುಜರಿಗೆ.

ಸಿಸಿಎಂಟಿ ಅಂಚನ್ನು ಬೇಕಂತಲೇ ಒಂಚೂರು ಮೊಂಡು ಮಾಡಿರುತ್ತಾರೆ, ಮೇಲೆ ಕೋಟಿಂಗ್ ಬೇರೆ. ಪೀಣ್ಯದ ಶೆಡ್‌ಗಳಲ್ಲಿರುವ ಭಾರಿ ಮೆಷಿನ್‌ಗೆ ಅದೇ ಒಳ್ಳೆಯದು, ಅಂಚು ಬೇಗ ಒಡೆಯಲ್ಲ. ಇನ್ನು ನಂಬರಿನ ಕೊನೆಯ 04 ಅಂದರೆ ತುದಿಯ ರೇಡಿಯಸ್ 0.4 ಮಿ.ಮೀ. ಕಟ್ ಅದಕ್ಕಿಂತ ತೀರಾ ಕಮ್ಮಿಯಾದರೆ ಟೂಲ್ ಕೊಯ್ಯೋದಕ್ಕಿಂತ ತಳ್ಳೋದೇ ಜಾಸ್ತಿ, ನಮ್ಮ ಮಿನಿ ಲೇತೋ ತಳ್ಳಿದರೆ ಬಾಗುವಂಥದ್ದು.

ಸಿಸಿಜಿಟಿ ಅಂಚು ಗ್ರೈಂಡ್ ಆಗಿ ಬರುತ್ತದೆ. ಉಗುರಿನ ಮೇಲೆ ಮೆತ್ತಗೆ ಎಳೆದರೆ ಸಿಪ್ಪೆ ಏಳುತ್ತದೆ. ನಾನು ತಂದದ್ದು 060202, ಅಂದರೆ ರೇಡಿಯಸ್ 0.2. ಹೋಲ್ಡರ್, ಸ್ಕ್ರೂ ಎರಡೂ ಹಳೆಯವೇ. 0.02 ತೆಗಿ ಅಂದರೆ 0.02 ತೆಗೆಯುತ್ತದೆ, ಚಿಪ್ಸ್ ತಲೆಕೂದಲಿನಷ್ಟು ಸಣ್ಣಗೆ ಬರುತ್ತದೆ. ಹಾಗಂತ ಷಟ್ಕೋನದ ರಾಡ್, ವೆಲ್ಡಿಂಗ್ ಆದ ಜಾಗಕ್ಕೆ ಹಾಕಬೇಡಿ, ಟಕಟಕ ಪೆಟ್ಟು ಬಿದ್ದರೆ ಮೂಲೆ ಹಾರಿಹೋಗುತ್ತದೆ. ಅಲ್ಲಿಗೆ ಸಿಸಿಎಂಟಿಯೇ ಸರಿ.

ತ್ರಿಕೋನದ ಟಿಸಿಎಂಟಿ ಟಿಪ್‌ಗೆ ಮೂರು ಮೂಲೆ, ಲೆಕ್ಕದಲ್ಲಿ ಲಾಭ, ಆದರೆ ಅದರ 60 ಡಿಗ್ರಿ ಮೂಲೆಗೆ ಸಿಸಿಜಿಟಿಯ 80 ಡಿಗ್ರಿ ಮೂಲೆಯಷ್ಟು ಗಟ್ಟಿತನ ಇಲ್ಲ. ಸಿಎನ್‌ಎಂಜಿ ಟಿಪ್ ದೊಡ್ಡ ಮೆಷಿನ್‌ನ ಸರಕು. ಬ್ರೇಜ್ ಮಾಡಿದ ಟೂಲ್ (ಕಾರ್ಬೈಡ್ ತುಂಡನ್ನು ಬೆಸೆದೇ ಬರೋದು) ಎಲ್ಲಕ್ಕಿಂತ ಅಗ್ಗ, ಆದರೆ ಚೂಪು ಮಾಡೋಕೆ ಹಸಿರು ವ್ಹೀಲ್ ಅಥವಾ ಡೈಮಂಡ್ ವ್ಹೀಲ್ ಬೇಕು, ನನ್ನ ಗ್ರೈಂಡರ್‌ನಲ್ಲಿರೋದು ಮಾಮೂಲಿ ಬೂದು ವ್ಹೀಲ್. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಬಿಟ್ಟಿಲ್ಲ, ಬೇಕಾದ ಆಕಾರ ಉಜ್ಜಿಕೊಳ್ಳೋಕೆ ಅದೇ ಬೇಕು.

ಸಿಸಿಜಿಟಿಗೆ ದುಡ್ಡು ಸ್ವಲ್ಪ ಜಾಸ್ತಿಯೇ. ಆದರೆ ಬಾಕ್ಸ್‌ಗೆ 10 ಟಿಪ್, ಒಂದೊಂದಕ್ಕೆ ಎರಡು ಮೂಲೆ, ಒಟ್ಟು 20. ಭಾನುವಾರಕ್ಕೊಮ್ಮೆ ಲೇತ್ ಆನ್ ಮಾಡೋ ನನ್ನಂಥವನಿಗೆ ಅದು ಬೇಗ ಖಾಲಿಯಾಗೋದಿಲ್ಲ. ಜೊತೆಗೆ ಒಂದು ಒಳ್ಳೇ ಸ್ಟಾರ್ ಕೀ ತಗೊಳ್ಳಿ, ನನ್ನದಕ್ಕೆ ಟಿ8 ಕೂರುತ್ತದೆ. ಸೆಟ್‌ನಲ್ಲಿ ಬರೋ ಕೀ ತುದಿ ತಿರುಚಿಕೊಂಡು ಸ್ಕ್ರೂ ತಲೆಯನ್ನೂ ಹಾಳು ಮಾಡುತ್ತದೆ.