ಬೂಸ್ಟು ಹಿಡಿದ ತುಪ್ಪವಲ್ಲ, ತಲೆಗೆ ಹಚ್ಚುವ ಎಣ್ಣೆ: ಹೊಸೂರಿನಲ್ಲಿ ಮೂರು ಚಳಿಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಎಣ್ಣೆಯಿಂದ ನನಗೆ ಹೊಸ ಕೂದಲು ಒಂದೂ ಹುಟ್ಟಿಲ್ಲ. ಜಡೆ ಮೊಣಕಾಲಿಗೆ ಬರುತ್ತದೆ ಅಂತ ಆಸೆ ಇಟ್ಟುಕೊಂಡು ಓದುವವರು ಇಲ್ಲೇ ನಿಲ್ಲಿಸಬಹುದು. ಆದರೂ ಈ ಸಲ, ನಾಲ್ಕನೇ ಚಳಿಗಾಲಕ್ಕೂ, ಇದನ್ನೇ ಹೇಳಿಟ್ಟಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮನೆಯವರು ಮಾಡಿ ಮಾರುವ ಕಾಯಿಸಿದ ತೆಂಗಿನೆಣ್ಣೆ ಇದು. ಹೆಸರು ಹಾಕುವುದಿಲ್ಲ, ಯಾಕಂದ್ರೆ ದೂರುಗಳೂ ಇವೆ, ಅವರು ಮನೆಯಲ್ಲೇ ಸಣ್ಣದಾಗಿ ಮಾಡುವವರು. ಮನೆಯ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿ, ಅದಕ್ಕೆ ಗರುಗದ ಸೊಪ್ಪು, ಒಂದೆಲಗ, ಕರಿಬೇವು, ದಾಸವಾಳದ ಎಲೆ, ನೆಲ್ಲಿಕಾಯಿ ಎಲ್ಲ ಅರೆದು ಹಾಕಿ, ನಾಲ್ಕು ಕಾಳುಮೆಣಸು ಸೇರಿಸಿ ಕಾಯಿಸುತ್ತಾರೆ. ನನ್ನ ತವರು ಆ ಕಡೆಯೇ. ಮದುವೆಯಾಗಿ ಬಂದದ್ದು ತಮಿಳುನಾಡಿನ ಹೊಸೂರಿಗೆ. ಗಂಡನ ಮನೆಯವರು ಇಲ್ಲೇ ಹತ್ತಿರದ ತಳಿ ಅನ್ನುವ ಊರಿನವರು, ಮನೆಯಲ್ಲಿ ಕನ್ನಡವೇ, ಅಂಗಡಿಗೆ ಹೋದರೆ ತಮಿಳು, ಪಕ್ಕದ ಮನೆಯವರು ತೆಲುಗು.

ಕಾಸರಗೋಡಿನಲ್ಲಿ ಚಳಿ ಅಂದರೆ ಏನು ಅಂತ ನಮಗೆ ಗೊತ್ತೇ ಇಲ್ಲ. ಮಕರ ತಿಂಗಳ ಬೆಳಿಗ್ಗೆ ಎಣ್ಣೆ ಸ್ವಲ್ಪ ಮಬ್ಬಾಗುತ್ತದೆ, ಬಿಸಿಲು ಏರಿದರೆ ಸರಿಯಾಗುತ್ತದೆ, ಅಷ್ಟೇ. ಹೊಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಡಿಸೆಂಬರ್ ಬಂತೆಂದರೆ ರಾತ್ರಿ ಕಾಲಿಗೆ ಸಾಕ್ಸ್ ಬೇಕು, ಬೆಳಿಗ್ಗೆ ತುಟಿ ಬಿರಿದಿರುತ್ತದೆ, ಕೂದಲು ಹಿಡಿಸೂಡಿಯ ಕಡ್ಡಿಯ ಹಾಗೆ ನಿಂತಿರುತ್ತದೆ. ಕೈಗೆ ಸಿಕ್ಕಿದ ಶಾಂಪೂ ಎಲ್ಲ ಬಳಸಿ ಸಾಕಾಗಿ 2022ರ ನವೆಂಬರಿನಲ್ಲಿ ಅಮ್ಮನ ಹತ್ತಿರ ಈ ಎಣ್ಣೆ ಕಳಿಸಲು ಹೇಳಿದೆ. ಅರ್ಧ ಲೀಟರಿನ ಬಾಟಲಿ, ಬೆಂಗಳೂರಿಗೆ ಬರುವ ಕಣ್ಣೂರು ರೈಲಿನಲ್ಲಿ ತಮ್ಮನ ಬ್ಯಾಗಿನಲ್ಲಿ ಬಂತು. ಅವನ ಎರಡು ಶರ್ಟುಗಳಿಗೂ ಸ್ವಲ್ಪ ಸ್ವಲ್ಪ ಎಣ್ಣೆ ಹಚ್ಚಿಕೊಂಡೇ ಬಂತು. ಮೊದಲ ದೂರು ಇದೇ, ಮುಚ್ಚಳ ಸರಿ ಇಲ್ಲ.

ಬಂದ ವಾರದಲ್ಲೇ ಎಣ್ಣೆ ಗಟ್ಟಿಯಾಯಿತು. ಪೂರ್ತಿ ಗಟ್ಟಿ. ತಿಳಿ ಹಸಿರು ಬಣ್ಣ, ತುಪ್ಪದ ಹಾಗೆ ಹರಳು ಹರಳು. ಸೋರಿ ಉಳಿದದ್ದರಲ್ಲಿ ಸ್ವಲ್ಪ ಒಂದು ಡಬ್ಬಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಅತ್ತೆ ಮುಚ್ಚಳ ತೆಗೆದು ನೋಡಿ, "ತುಪ್ಪ ಬೂಸ್ಟು ಹಿಡಿದಿದೆ ಕಣಮ್ಮಾ, ಬಿಸಾಡ್ಲಾ?" ಅಂದರು. ಅವರ ಕೈಯಿಂದ ಡಬ್ಬಿ ಉಳಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

ನನಗೂ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ತೆಂಗಿನ ಊರಿನಲ್ಲಿ ಹುಟ್ಟಿ ಬೆಳೆದವಳು, ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದೇ ನಮ್ಮ ಕಾಸರಗೋಡಿನಲ್ಲಿ, ಅಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ ಅಂತ ಶಾಲೆಯಿಂದ ಕರೆದುಕೊಂಡು ಹೋದಾಗ ಬರೆದುಕೊಂಡಿದ್ದೆ ಕೂಡಾ. ಇಷ್ಟೆಲ್ಲ ಇದ್ದೂ ಎಣ್ಣೆ ಮಾಡುವವರಿಗೆ ಫೋನ್ ಮಾಡಿ, ಇದಕ್ಕೆ ಏನೋ ಬೆರೆಸಿದ್ದೀರಿ ಅಂತ ಜಗಳ ತೆಗೆದೆ. ಆಕೆ ನಕ್ಕರು. "ಗಟ್ಟಿ ಆಗದಿದ್ದರೆ ಫೋನ್ ಮಾಡಿ ಅಕ್ಕಾ, ಗಟ್ಟಿ ಆದದ್ದಕ್ಕೆ ಯಾಕೆ ಮಾಡುವುದು?" ನಿಜವೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಬಂದರೆ ಗಟ್ಟಿಯಾಗಲೇಬೇಕು. ಚಳಿಯಲ್ಲೂ ನೀರಿನ ಹಾಗೆ ಹರಿಯುತ್ತಿದ್ದರೆ ಆಗ ಅನುಮಾನ ಪಡಬೇಕು. ಹಾಗಂತ ಗಟ್ಟಿಯಾದದ್ದೆಲ್ಲ ಅಪ್ಪಟ ಅಂತಲೂ ಅಲ್ಲ, ತಾಳೆಬೀಜದ ಎಣ್ಣೆಯೂ ಚಳಿಗೆ ಹೀಗೇ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಪರೀಕ್ಷೆ ಮಾಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಅರ್ಧ ಪರೀಕ್ಷೆ.

ಮೊದಲ ಚಳಿಗಾಲ ನಾನು ಮಾಡಿದ್ದೆಲ್ಲ ತಪ್ಪು. ಬಾಟಲಿಯ ಬಾಯಿ ಕಿರಿದು, ಒಳಗೆ ಕಡ್ಡಿ ಹಾಕಿ ಕೆದಕಿದೆ. ಒಲೆಯ ಪಕ್ಕ ಇಟ್ಟೆ, ಪ್ಲಾಸ್ಟಿಕ್ ಸೊಟ್ಟಗಾಯಿತು. ಕರಗಿದ ಮೇಲೆ ಎಷ್ಟು ದಿನದ ಸಿಟ್ಟೋ ಎನ್ನುವ ಹಾಗೆ ಬುರುಡೆಗೆ ಸುರಿದುಕೊಂಡು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕುದಿಯುವಂಥ ನೀರಿನಲ್ಲಿ ತಲೆಗೆ ಸ್ನಾನ ಮಾಡಿದೆ. ದಿಂಬಿನ ಮೇಲೆ ಹಸಿರು ಕಲೆ, ಅದು ಇವತ್ತಿಗೂ ಹೋಗಿಲ್ಲ. ಮೂಗು ಕಟ್ಟಿತು. ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು ಹೊಟ್ಟು. ಕಪ್ಪು ಶಾಲು ಹೊದ್ದುಕೊಂಡು ಮದುವೆಗೆ ಹೋಗಿ ಭುಜ ಕೊಡವುತ್ತಾ ಕೂತಿದ್ದೆ. ಒಣಗಿದ್ದಕ್ಕೆ ಹೊಟ್ಟು ಬರುತ್ತಿದೆ ಅಂತ ಇನ್ನೂ ಎಣ್ಣೆ ಹಚ್ಚಿದೆ, ಇನ್ನೂ ಜಾಸ್ತಿಯಾಯಿತು.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಹೇಳಿದ್ದು ಕೇಳಿ ತಲೆ ತಿರುಗಿತು. ನಮ್ಮ ಎಲ್ಲರ ಬುರುಡೆಯ ಮೇಲೂ ಮಲಸೀಸಿಯಾ ಅನ್ನುವ ಒಂದು ಬಗೆಯ ಶಿಲೀಂಧ್ರ ಇರುತ್ತದಂತೆ. ಅದರ ಊಟವೇ ಕೊಬ್ಬು. ಹೊಟ್ಟು ಇರುವ ತಲೆಗೆ ಎಣ್ಣೆ ಸುರಿದರೆ ಅದಕ್ಕೆ ಬಾಳೆ ಎಲೆ ಹಾಕಿ ಬಡಿಸಿದ ಹಾಗೆ. ಕೀಟೊಕೊನಜೋಲ್ ಇರುವ ಶಾಂಪೂ ಬರೆದುಕೊಟ್ಟರು, ವಾರಕ್ಕೆ ಎರಡು ಸಲ, ಐದು ನಿಮಿಷ ಬಿಟ್ಟು ತೊಳೆಯಲು. ಒಂದು ತಿಂಗಳಲ್ಲಿ ಹತೋಟಿಗೆ ಬಂತು. ಹಾಗಾಗಿ ಈ ಬಾಟಲಿಯ ಚೀಟಿಯಲ್ಲಿ "ಹೊಟ್ಟು ನಿವಾರಕ" ಅಂತ ಬರೆದಿದ್ದಾರಲ್ಲ, ಅದನ್ನು ತೆಗೆಯಬೇಕು. ಅವರಿಗೂ ಹೇಳಿದ್ದೇನೆ, ತೆಗೆದಿಲ್ಲ.

ಇಷ್ಟಾದ ಮೇಲೂ ಬಿಡಲಿಲ್ಲ ಯಾಕಂದ್ರೆ ಬುರುಡೆಗೆ ಆಗದ್ದು ಕೂದಲಿಗೆ ಆಗುತ್ತಿತ್ತು. 2023ರ ಚಳಿಗಾಲದಲ್ಲಿ ಕ್ರಮ ಬದಲಿಸಿದೆ. ಎಣ್ಣೆಯನ್ನು ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿದೆ. ಅದರಿಂದ ಒಂದೂವರೆ ಚಮಚ ಸ್ಟೀಲ್ ಬಟ್ಟಲಿಗೆ ತೆಗೆದು, ಬಿಸಿನೀರಿನ ಮೇಲೆ ಎರಡು ನಿಮಿಷ ಇಟ್ಟರೆ ಕರಗುತ್ತದೆ. ನೇರ ಉರಿಯ ಮೇಲೆ ಇಡುವುದು ಬೇಡ. ಬುರುಡೆ ಬಿಟ್ಟು, ಕಿವಿಯಿಂದ ಕೆಳಗೆ ಕೂದಲಿನ ಉದ್ದಕ್ಕೆ ಮಾತ್ರ ಹಚ್ಚಿ, ಸಡಿಲ ಜಡೆ ಹಾಕಿ, ಒಂದು ಗಂಟೆ ಬಿಟ್ಟು ಸ್ನಾನ. ರಾತ್ರಿಯಿಡೀ ಇಡುವುದು ನಿಲ್ಲಿಸಿದೆ. ಫಲ ಕಂಡದ್ದು ಬಾಚಣಿಗೆಯಲ್ಲಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ, ಅದು ನನಗೂ ಹಾಗೇ ಇತ್ತು. ಕಡಿಮೆಯಾದದ್ದು ಅರ್ಧಕ್ಕೆ ತುಂಡಾಗಿ ಬರುವ ಚಿಕ್ಕ ಚಿಕ್ಕ ಕೂದಲು. ಬುಡದಿಂದ ಬಂದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗಂಟು ಇರುತ್ತದೆ, ತುಂಡಾದದ್ದಕ್ಕೆ ಇರುವುದಿಲ್ಲ. ಒಂದು ತಿಂಗಳು ಬಿಳಿ ಗೋಡೆಯ ಎದುರು ನಿಂತು ಎಣಿಸಿದ್ದೇನೆ, ಮನೆಯವರು ನಕ್ಕರೂ ಪರವಾಗಿಲ್ಲ.

ಇದಕ್ಕೆ ಕಾರಣವೂ ಇದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ, ಅದರ ಕಣ ಚಿಕ್ಕದು ಮತ್ತು ನೆಟ್ಟಗೆ, ಹಾಗಾಗಿ ಕೂದಲಿನ ಒಳಗೇ ಇಳಿಯುತ್ತದೆ. ಸ್ನಾನದಲ್ಲಿ ಕೂದಲು ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆ ಮೂರನ್ನೂ ಹೋಲಿಸಿ, ಕೂದಲಿನ ಪ್ರೋಟೀನು ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ ಅಂತ ತೋರಿಸಿದ್ದರು. ಆ ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಅನ್ನುವುದೂ ನೆನಪಿರಲಿ. ಆದರೂ ನನ್ನ ಬಾಚಣಿಗೆ ಅದೇ ಹೇಳಿತು. ಹಾಗೆ ನೋಡಿದರೆ ಕೆಲಸ ಮಾಡುವುದು ಎಣ್ಣೆಯೇ, ಸೊಪ್ಪುಗಳಲ್ಲ ಅಂತ ನನ್ನ ಗುಮಾನಿ. ಒಂದು ತಿಂಗಳು ಅಮ್ಮನ ಮನೆಯ ಸಾದಾ ಎಣ್ಣೆ ಬಳಸಿ ನೋಡಿದೆ, ವ್ಯತ್ಯಾಸ ಗೊತ್ತಾಗಲಿಲ್ಲ. ಪರಿಮಳ ಮಾತ್ರ ಇದರದ್ದೇ ಚಂದ. ಜಡೆ ಬಿಚ್ಚಿದರೆ ಮಳೆ ಬಂದು ಬಿಟ್ಟ ತೋಟದಲ್ಲಿ ನಿಂತ ಹಾಗೆ.

ತೊಳೆಯಲು ಮನೆಯ ಎದುರಿನ ಐದೆಸಳಿನ ಕೆಂಪು ದಾಸವಾಳದ ಎಲೆಯ ಗೊಂಪು, ಅಂದರೆ ಎಲೆಯನ್ನು ನೀರಿನಲ್ಲಿ ಹಿಚುಕಿ ತೆಗೆದ ಲೋಳೆ. ಊರಿನಲ್ಲಿ ಅಜ್ಜಿ ತಣ್ಣೀರಿನಲ್ಲೇ ಹಿಚುಕುತ್ತಿದ್ದರು. ಇಲ್ಲಿ ಜನವರಿಯಲ್ಲಿ ಹಾಗೆ ಮಾಡಿದರೆ ಹಲ್ಲು ಕಟಕಟ. ಉಗುರುಬೆಚ್ಚಗಿನ ನೀರಿನಲ್ಲಿ ಹಿಚುಕಿ, ತೆಳು ಬಟ್ಟೆಯಲ್ಲಿ ಸೋಸಿಯೇ ಹಚ್ಚಬೇಕು, ಇಲ್ಲದಿದ್ದರೆ ಸಂಜೆವರೆಗೂ ತಲೆಯಿಂದ ಎಲೆಚೂರು ಉದುರುತ್ತದೆ, ಆಫೀಸಿನಲ್ಲಿ ಆಗಿದೆ. ಅಂಟುವಾಳ ಚಳಿಗಾಲದಲ್ಲಿ ಬೇಡ, ತುಂಬ ಒಣಗಿಸುತ್ತದೆ. ಇನ್ನು ನೀರು. ನಮ್ಮ ಮನೆಗೆ ಹೊಗೇನಕಲ್ ನೀರು ಕುಡಿಯುವಷ್ಟು ಮಾತ್ರ ಬರುತ್ತದೆ, ಸ್ನಾನಕ್ಕೆ ಬೋರ್‌ವೆಲ್ ನೀರು, ನಲ್ಲಿಯ ಸುತ್ತ ಬಿಳಿ ಪದರ ಕಟ್ಟುತ್ತದೆ. ಅದೇ ಉಪ್ಪು ಕೂದಲ ಮೇಲೂ ಕೂರುತ್ತದೆ ಅಲ್ವಾ? ಕೊನೆಯ ಎರಡು ಚೊಂಬು ಕುಡಿಯುವ ನೀರು ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಸಿಕ್ಕು ಬಿಡಿಸುವ ಹೊತ್ತು ಅರ್ಧವಾಯಿತು. ಎಣ್ಣೆ ತರಿಸುವ ಮೊದಲು ಇದನ್ನು ಮಾಡಿ ನೋಡಿ, ದುಡ್ಡೂ ಉಳಿಯಬಹುದು.

ಅತ್ತೆ ಶನಿವಾರದ ಎಳ್ಳೆಣ್ಣೆ ಸ್ನಾನದವರು. ಗಟ್ಟಿಯಾಗದ ಎಣ್ಣೆ ಇರುವಾಗ ಇದೆಲ್ಲ ಯಾಕೆ ಅಂತ ಅವರ ವಾದ. ಅದರಲ್ಲಿ ನ್ಯಾಯ ಇದೆ, ಮೈಗೆ ಎಳ್ಳೆಣ್ಣೆಯೇ ಸೈ. ತಲೆಗೆ ಹಾಕಿದರೆ ಮಾತ್ರ ಅದನ್ನು ತೆಗೆಯಲು ಎರಡು ಸಲ ಸೀಗೆಪುಡಿ ಬೇಕು, ಆ ತಿಕ್ಕಾಟದಲ್ಲೇ ನನ್ನ ಕೂದಲು ಒರಟಾಗುತ್ತದೆ.

ಮೂರನೇ ಚಳಿಗಾಲದ ಒಂದು ಬಾಟಲಿ ಕೆಟ್ಟಿತ್ತು. ಮುಚ್ಚಳ ತೆಗೆದ ಕೂಡಲೇ ಕಮಟು ವಾಸನೆ. ಸೊಪ್ಪಿನ ನೀರಿನ ಅಂಶ ಪೂರ್ತಿ ಆರುವ ಮೊದಲೇ ಇಳಿಸಿದ್ದಾರೆ. ಕಾಯಿಸುವಾಗ ಚಟಪಟ ಸದ್ದು ನಿಂತು, ಅಡಿಯ ಗಸಿ ಮರಳಿನ ಹಾಗೆ ಆಗಬೇಕು ಅಂತ ಅಮ್ಮ ಹೇಳುತ್ತಾರೆ. ಎಣ್ಣೆ ಮಾಡುವವರಿಗೆ ಫೋಟೋ ಕಳಿಸಿದೆ, ವಾಸನೆಯ ಫೋಟೋ ಬರುವುದಿಲ್ಲ ಅಂತ ಆಮೇಲೆ ಹೊಳೆಯಿತು. ಆದರೂ ತಕರಾರಿಲ್ಲದೆ ಬೇರೆ ಬಾಟಲಿ ಕೊಟ್ಟರು, ಸಾಗಾಟದ ಖರ್ಚು ನನ್ನದು. ಅರ್ಧ ಲೀಟರಿಗೆ 2022ರಲ್ಲಿ ನಾನು ಕೊಟ್ಟದ್ದು 260 ರೂಪಾಯಿ, ಈ ನಾಲ್ಕನೇ ಚಳಿಗಾಲಕ್ಕೆ ಹೇಳಿಟ್ಟಾಗ 450 ಅಂದರು. ಕೊಬ್ಬರಿಯ ಬೆಲೆ ನೋಡಿದರೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಐದಕ್ಕೆ ಮೂರೂವರೆ. ಕೂದಲು ಒಣಗಿ ತುಂಡಾಗುತ್ತಿದ್ದರೆ ತರಿಸಿಕೊಳ್ಳಿ, ಹೊಟ್ಟು ಇದ್ದರೆ ಮೊದಲು ಅದನ್ನು ವಾಸಿ ಮಾಡಿಕೊಳ್ಳಿ. ಅರ್ಧ ಲೀಟರ್ ಒಬ್ಬರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಧಾರಾಳ. ಈ ಸಲ ಅಗಲ ಬಾಯಿಯ ಡಬ್ಬಿಯಲ್ಲೇ ಹಾಕಿ ಕೊಡಿ ಅಂತ ಹೇಳಿದ್ದೇನೆ, ಹೂಂ ಅಂದಿದ್ದಾರೆ. ಅತ್ತೆ ಮಾತ್ರ ಡಬ್ಬಿ ಬರುವ ಮೊದಲೇ ಅದರ ಮೇಲೆ ಅಂಟಿಸಲು ಚೀಟಿ ಬರೆದಿಟ್ಟಿದ್ದಾರೆ: "ತುಪ್ಪ ಅಲ್ಲ".