ಸರ್ಕಾರದ ಆದೇಶ ಹೋದ ಮೇಲೂ ನಾನು ಬಿಡದ ಏಡಾ: ಇಪ್ಪತ್ತು ವರ್ಷಗಳ ಬಳಕೆಯ ಅನುಭವ

ಸುಂಟಿಕೊಪ್ಪದ ಬಳಿಯ ನಮ್ಮ ಕಾಫಿ ತೋಟದಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲೇ ಬರೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಅಂಕಿಗಳು ಮಿಲಿಮೀಟರಿನಲ್ಲಿ ಬರುತ್ತವೆ. ಎರಡನ್ನೂ ಹೋಲಿಸಿ ನೋಡುವ ಪ್ರೋಗ್ರಾಮನ್ನು ನಾನು 2014ರಲ್ಲಿ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ವರ್ಷ, ಏಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಸೆಂಟಿಗೊಂದು, ಮಿಲಿಮೀಟರಿಗೊಂದು ಬೇರೆ ಬೇರೆ ಟೈಪ್, ಅಂದರೆ ಮಾಹಿತಿಯ ಪ್ರಕಾರ, ಘೋಷಿಸಿದ್ದೆ. ಒಂದು ಸಂಜೆ ಗಮನವಿಲ್ಲದೆ ಇವೆರಡನ್ನು ಕೂಡಿಸುವ ಸಾಲು ಬರೆದಾಗ, ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಅದನ್ನು ಅಲ್ಲಿಯೇ ತಡೆಯಿತು. ಎರಡೂ ಬರೀ ಸಂಖ್ಯೆಗಳೆಂದು ಒಪ್ಪಿಕೊಳ್ಳುವ ಭಾಷೆಯಾಗಿದ್ದರೆ ಆ ತಪ್ಪು ವರ್ಷವಿಡೀ ನನ್ನ ಪುಸ್ತಕದಲ್ಲಿ ಉಳಿಯುತ್ತಿತ್ತು.

ಇಂಥ ಭಾಷೆ ಇಷ್ಟು ಕಡಿಮೆ ಜನರ ಕೈಯಲ್ಲಿ ಉಳಿದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಒಂದೊಂದು ಯೋಜನೆಗೆ ಒಂದೊಂದು ಭಾಷೆ ಬಳಕೆಯಲ್ಲಿದ್ದುದರಿಂದ, ಎಲ್ಲಕ್ಕೂ ಒಂದೇ ಭಾಷೆ ರೂಪಿಸಲು 1975ರಲ್ಲಿ ಒಂದು ಕಾರ್ಯತಂಡ ರಚನೆಯಾಯಿತು. ಸ್ಪರ್ಧೆಯಲ್ಲಿ 1979ರಲ್ಲಿ ಗೆದ್ದದ್ದು ಜ್ಯಾನ್ ಇಷ್ಬಿಯಾ ಅವರ ತಂಡದ ವಿನ್ಯಾಸ. ಮೊದಲ ಪ್ರೋಗ್ರಾಮರ್ ಎಂದು ಹೆಸರಾದ ಏಡಾ ಲವ್‌ಲೇಸ್ ಅವರ ಹೆಸರನ್ನೇ ಭಾಷೆಗಿಟ್ಟು, ಅವರು ಹುಟ್ಟಿದ 1815ನ್ನು ಸೈನಿಕ ಮಾನದಂಡದ ಸಂಖ್ಯೆಯಾಗಿಸಿದರು. 1983ರಲ್ಲಿ ಅದು ರಾಷ್ಟ್ರೀಯ ಮಾನದಂಡವಾಯಿತು, ರಕ್ಷಣಾ ಯೋಜನೆಗಳಲ್ಲಿ ಇದನ್ನೇ ಬಳಸಬೇಕೆಂಬ ಕಡ್ಡಾಯಕ್ಕೆ 1991ರಲ್ಲಿ ಕಾನೂನಿನ ಬಲ ಬಂತು, 1997ರಲ್ಲಿ ಆ ಕಡ್ಡಾಯವನ್ನೇ ಕೈಬಿಡಲಾಯಿತು.

ಆದೇಶದಿಂದ ಗುತ್ತಿಗೆದಾರರು ಬಂದರು, ಕಲಿಯುವವರು ಬರಲಿಲ್ಲ ಎಂಬುದು ನನ್ನ ತೀರ್ಮಾನ. ಮೊದಲ ವರ್ಷಗಳ ಕಂಪೈಲರುಗಳು ನಿಧಾನವಾಗಿದ್ದವು, ದುಬಾರಿಯಾಗಿದ್ದವು. ಅದೇ ಹೊತ್ತಿಗೆ ಸಿ ಭಾಷೆ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜೊತೆ ಕಾಲೇಜುಗಳ ಒಳಗೆ ಸೇರಿಕೊಂಡಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ವಾಯುಪಡೆಯ ಹಣದಿಂದ ಗ್ನಾಟ್ ಎಂಬ ಮುಕ್ತ ಕಂಪೈಲರ್ ಸಿದ್ಧವಾಗಿ, ಭಾಷೆಯೂ 1995ರಲ್ಲಿ ಹೊಸ ಆವೃತ್ತಿ ಪಡೆಯುವ ವೇಳೆಗೆ ಸಿ ಪ್ಲಸ್ ಪ್ಲಸ್ ಬೇರೂರಿತ್ತು, ಜಾವಾ ಕೂಡ ಅದೇ ವರ್ಷ ಕಾಲಿಟ್ಟಿತ್ತು. ಗ್ನಾಟ್ ಹತ್ತು ವರ್ಷ ಮೊದಲೇ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ನಾನು ಇಂದಿಗೂ ನಂಬುತ್ತೇನೆ.

ಯುರೋಪಿನ ಏರಿಯಾನ್ 5 ರಾಕೆಟ್ ದುರಂತವನ್ನು ಈ ಭಾಷೆಯ ತಲೆಗೆ ಕಟ್ಟುವವರಿದ್ದಾರೆ. 1996ರ ಜೂನ್ 4ರಂದು ಹಾರಿದ ಸುಮಾರು 30 ಸೆಕೆಂಡುಗಳಲ್ಲಿ, 64 ಬಿಟ್‌ನ ಒಂದು ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುವಾಗ ಅದು ಹಿಡಿಸಲಿಲ್ಲ. ಏರಿಯಾನ್ 4ಕ್ಕೆ ಬರೆದಿದ್ದ ಕೋಡನ್ನೇ, ಹೊಸ ರಾಕೆಟ್ಟಿನ ವೇಗ ಬೇರೆಯೆಂಬುದನ್ನು ಪರೀಕ್ಷಿಸದೆ, ಮತ್ತೆ ಬಳಸಿದ್ದರು. ಭಾಷೆ ತಪ್ಪನ್ನು ಹಿಡಿದಿತ್ತು. ಹಿಡಿದ ಮೇಲೆ ಏನು ಮಾಡಬೇಕೆಂದು ಆ ಸಾಲಿಗೆ ಯಾರೂ ಬರೆದಿರಲಿಲ್ಲ.

ಇದರ ಅರ್ಥ ನನಗೆ ಸರಿಯಾಗಿ ತಿಳಿದದ್ದು 2018ರ ಆಗಸ್ಟಿನಲ್ಲಿ. ಒಂದು ದಿನದ ಮಳೆ ಎಂಟು ಇಂಚು ಮೀರಲಾರದೆಂದು ಭಾವಿಸಿ, ಸೆಂಟಿನ ಮಿತಿಯನ್ನು 800ಕ್ಕೆ ನಿಲ್ಲಿಸಿದ್ದೆ. ಗುಡ್ಡಗಳು ಕುಸಿದ ಆ ವಾರದ ಒಂದು ಬೆಳಿಗ್ಗೆ, ಎರಡು ದಿನಗಳ ಬಳಿಕ ಕರೆಂಟ್ ಬಂದಾಗ, ಅಳತೆಪಾತ್ರೆಯಲ್ಲಿ ಕಂಡ ಅಂಕಿಯನ್ನು ಹಾಕಿದೆ. ಪ್ರೋಗ್ರಾಂ ಕನ್‌ಸ್ಟ್ರೈಂಟ್ ಎರರ್, ಅಂದರೆ ಮಿತಿ ಮೀರಿದೆ, ಎಂದು ಹೇಳಿ ನಿಂತಿತು. ತಪ್ಪು ಅಂಕಿ ಬರೆಯಲಿಲ್ಲ, ಸರಿಯಾದುದನ್ನೂ ಉಳಿಸಲಿಲ್ಲ. ಮಿತಿಯನ್ನು ಈಗ 2000ಕ್ಕೆ ಏರಿಸಿದ್ದೇನೆ. ಅದನ್ನೂ ಮೀರಿದರೆ ಅಂಕಿ ಪ್ರತ್ಯೇಕ ಕಡತಕ್ಕೆ ಹೋಗುವಂತೆ ಎಕ್ಸೆಪ್ಶನ್ ಹ್ಯಾಂಡ್ಲರ್, ಅಂದರೆ ತಪ್ಪು ಎದುರಾದಾಗ ನಡೆಯುವ ಕೋಡ್, ಬರೆದಿದ್ದೇನೆ.

ಏಡಾದ ಕೊರತೆ ಕಾಣುವುದು ಲೈಬ್ರರಿಗಳಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳಲ್ಲಿ. ಕಾಫಿ ಒಣಗಿಸುವ ಕಣದಲ್ಲಿ ತೇವಾಂಶ ಅಳೆಯುವ ಒಂದು ಅಗ್ಗದ ಸೆನ್ಸರಿಗೆ ಪೈಥಾನಿನಲ್ಲಿ ಸಿದ್ಧ ಕೋಡ್ ಇತ್ತು. ಏಡಾಕ್ಕೆ ಸಿ ಭಾಷೆಯ ಮೂಲಕ ಸೇತುವೆ ಕಟ್ಟಲು ನನಗೆ ಮೂರು ವಾರ ಹಿಡಿಯಿತು. ಅಲೈರ್ ಎಂಬ ಪ್ಯಾಕೇಜ್ ವ್ಯವಸ್ಥೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೂ ಅಲ್ಲಿ ಸಿಗುವುದು ಪೈಥಾನಿನ ಭಂಡಾರಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. "ಮಾಮ, ಇದನ್ನು ಕಲಿತರೆ ಕೆಲಸ ಸಿಗುತ್ತದೆಯೇ?" ಎಂದು ಕೇಳಿದಳು. ಇದೊಂದನ್ನೇ ನಂಬಿಕೊಳ್ಳಬೇಡ ಎಂದೆ. ಬೋಯಿಂಗ್ 777 ವಿಮಾನದಲ್ಲಿಯೂ ಪ್ಯಾರಿಸ್ ಮೆಟ್ರೋದ ಚಾಲಕರಿಲ್ಲದ 14ನೇ ಮಾರ್ಗದಲ್ಲಿಯೂ ಏಡಾ ಇದೆ, ಆದರೆ ಅಂಥ ಕೆಲಸ ಕೊಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಸಿ ಅಥವಾ ಪೈಥಾನ್ ಬಂದ ಮೇಲೆ ಎರಡು ತಿಂಗಳು ಇದಕ್ಕೆ ಕೊಡು, ಟೈಪ್ ಘೋಷಿಸುವ ಮುನ್ನ ಯೋಚಿಸುವ ಅಭ್ಯಾಸ ಬರುತ್ತದೆ ಎಂದೂ ಹೇಳಿದೆ. ಈಗ ಭಾನುವಾರಗಳಂದು ಬಂದು ಕೂರುತ್ತಾಳೆ.

ಕಳೆದ ತಿಂಗಳು ಹೊಸ ಲ್ಯಾಪ್‌ಟಾಪಿನಲ್ಲಿ ಗ್ನಾಟ್ ಹಾಕಿ, ಮಳೆಯ ಆ ಹಳೆಯ ಪ್ರೋಗ್ರಾಮನ್ನು ಒಂದು ಅಕ್ಷರವನ್ನೂ ತಿದ್ದದೆ ಕಂಪೈಲ್ ಮಾಡಿದೆ. ಬಳಸದೆ ಬಿಟ್ಟ ಒಂದು ವೇರಿಯಬಲ್ ಬಗ್ಗೆ ಎಚ್ಚರಿಕೆ ಬಂತು, ಅಷ್ಟೇ.