50 ಮಿ.ಮೀ. ಸ್ಪೇಸರ್ ಹಾಕಿದರೆ ಪಿಕಪ್ 50 ಮಿ.ಮೀ. ಅಷ್ಟೇ ಏರುವುದಿಲ್ಲ

ಬೆಂಗಳೂರಿನಲ್ಲಿ ಪಿಕಪ್ ಲಿಫ್ಟ್ ಮಾಡಿಸಲು ಹೊರಟಿರುವವರು ಅಡ್ವಾನ್ಸ್ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಗರದ ಒಂದು ಅಂಗಡಿಯಲ್ಲಿ ಎತ್ತರಿಸಿದ ಇಸುಜು ವಿ-ಕ್ರಾಸ್ ಒಂದಕ್ಕೆ ಏನಾಯಿತು ಎಂಬ ವಿವರ ಇದು. ಗಾಡಿಯಲ್ಲಿ ದೋಷವಿರಲಿಲ್ಲ. ಕೆಟ್ಟದ್ದು ಲೆಕ್ಕ.

ಮಾಲೀಕರು ಕೇಳಿದ್ದು ಎರಡು ಇಂಚು. ಅಂಗಡಿಯವರು ಮುಂದಿನ ಎರಡೂ ಸ್ಟ್ರಟ್‌ಗಳ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ತಲೆಯ ಮೇಲೆ 50 ಮಿ.ಮೀ. ದಪ್ಪದ ಸ್ಪೇಸರ್, ಅಂದರೆ ಎತ್ತರಿಸುವ ಬಿಲ್ಲೆ, ಕೂರಿಸಿದರು. ಹಿಂದೆ ಆಕ್ಸಲ್‌ಗೂ ಲೀಫ್ ಸ್ಪ್ರಿಂಗ್‌ಗೂ ನಡುವೆ 50 ಮಿ.ಮೀ. ಬ್ಲಾಕ್ ಇಟ್ಟರು. ಹಿಂಭಾಗ ಎರಡು ಇಂಚೇ ಏರಿತು. ಮುಂಭಾಗ ಏರಿದ್ದು 90 ಮಿ.ಮೀ.! ಸ್ಟ್ರಟ್ ಕೂರುವುದು ಚಕ್ರದ ಮೇಲಲ್ಲ, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳಿನ (ಕಂಟ್ರೋಲ್ ಆರ್ಮ್) ನಡುಭಾಗದಲ್ಲಿ. ಅಲ್ಲಿ 1 ಮಿ.ಮೀ. ತಳ್ಳಿದರೆ ಆರ್ಮ್‌ನ ತುದಿಯಲ್ಲಿರುವ ಚಕ್ರ 1.8 ಮಿ.ಮೀ.ನಷ್ಟು ಕೆಳಗಿಳಿಯುತ್ತದೆ. ಹಾಗಾಗಿ ಚಕ್ರದ ಬಳಿ 45 ಮಿ.ಮೀ. ಬೇಕಿದ್ದರೆ ತಲೆಯ ಮೇಲೆ 25 ಮಿ.ಮೀ. ಸ್ಪೇಸರ್ ಸಾಕು. ಟೊಯೋಟಾ ಹೈಲಕ್ಸ್‌ನ ಮುಂಭಾಗದ್ದೂ ಇದೇ ಬಗೆಯ ರಚನೆ, ಅಲ್ಲಿಯೂ ಇದೇ ಎಚ್ಚರ ಬೇಕು.

ತೊಂದರೆಗಳು ಸಾಲುಸಾಲಾಗಿ ಬಂದವು. ಮೊದಲು ಹಂಪ್ಸ್ ಇಳಿಯುವಾಗಲೆಲ್ಲ ಮುಂದಿನಿಂದ ‘ಟಕ್’ ಎಂಬ ಸದ್ದು. ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿ, ಮುಂದೆ ಹೋಗಲು ಜಾಗವಿಲ್ಲದೆ ಬಡಿದುಕೊಳ್ಳುವ ಸದ್ದದು. ಅದೇ ಹೊತ್ತಿಗೆ ಮೇಲಿನ ಕಂಟ್ರೋಲ್ ಆರ್ಮ್ ಕಾಯಿಲ್ ಸ್ಪ್ರಿಂಗ್‌ಗೆ ಉಜ್ಜಿ ಬಣ್ಣ ಕಿತ್ತಿತ್ತು. ಆಮೇಲೆ ನೈಸ್ ರಸ್ತೆಯಲ್ಲಿ 80ರ ವೇಗಕ್ಕೆ ಸ್ಟೀರಿಂಗ್ ತೇಲಾಡತೊಡಗಿತು, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಎತ್ತರ ಹೆಚ್ಚಿದಾಗ ಕ್ಯಾಸ್ಟರ್ ಕೋನ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುವುದರಿಂದ ಹೀಗಾಗುತ್ತದೆ. ಕ್ಯಾಸ್ಟರ್ ಸರಿಪಡಿಸಲು ಕಾರ್ಖಾನೆ ಬೋಲ್ಟ್‌ಗಳಲ್ಲಿ ಇರುವ ಅವಕಾಶ 90 ಮಿ.ಮೀ. ಲಿಫ್ಟ್‌ಗೆ ಸಾಲದು. ಅಷ್ಟು ಏರಿಸಬೇಕೆಂದರೆ ಬೇರೆ ಕೋನದ ಮೇಲಿನ ಕಂಟ್ರೋಲ್ ಆರ್ಮ್ ಬೇಕು, ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ ಅನ್ನೂ ಕೆಳಗಿಳಿಸಬೇಕು. ಅಲೈನ್‌ಮೆಂಟ್ ಮಾಡಿಸಿದ್ದೇವೆ ಎಂದು ಅಂಗಡಿಯವರು ಹೇಳಿದರು, ಆದರೆ ಸರಿಮಾಡಿದ್ದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ. ಮುಂದಿನ ಟಯರ್‌ಗಳ ಹೊರಅಂಚು ಬೇಗನೆ ಸವೆಯಿತು.

ಕಡೆಗೆ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿದು ರಿಮ್‌ನ ಒಳಮೈಗೆಲ್ಲ ಗ್ರೀಸ್ ಸಿಡಿಯಿತು. ಶಾಫ್ಟ್ ತುಂಬ ಓರೆಯಾದಾಗ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಮಳೆಗಾಲದಲ್ಲಿ ಹರಿದ ಬೂಟ್‌ನೊಳಗೆ ಕೆಸರು ಹೊಕ್ಕರೆ ಜಾಯಿಂಟ್ ಉಳಿಯುವುದಿಲ್ಲ.

ಟಯರ್ ವಿಷಯ ಇನ್ನೂ ದುಬಾರಿಯಾಯಿತು. ಇದ್ದದ್ದು 255/60 ಆರ್18 (ಅಂದರೆ 255 ಮಿ.ಮೀ. ಅಗಲ, ಅದರ ಶೇ. 60ರಷ್ಟು ಪಕ್ಕದ ಎತ್ತರ, 18 ಇಂಚಿನ ರಿಮ್), ವ್ಯಾಸ 763 ಮಿ.ಮೀ. ಹಾಕಿದ್ದು 285/70 ಆರ್17, ವ್ಯಾಸ 831 ಮಿ.ಮೀ. ಹೆಚ್ಚಳ ಸುಮಾರು ಶೇ. 9. ಮೀಟರ್ ಮೊದಲಿನಂತೆಯೇ 100 ತೋರಿಸುವಾಗ ಗಾಡಿ 9 ಕಿ.ಮೀ. ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಗೇರ್‌ಗಳು ಎತ್ತರವಾದಂತಾಗಿ ಎಳೆತ ಕುಗ್ಗುತ್ತದೆ, ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕ್ ಹೆಚ್ಚು ಒತ್ತಬೇಕಾಗುತ್ತದೆ. ಸ್ಟೆಪ್ನಿ ಮಾತ್ರ ಹಳೆಯದೇ ಉಳಿಯಿತು. ಒಂದೇ ಆಕ್ಸಲ್‌ನಲ್ಲಿ ಇಷ್ಟು ವ್ಯಾಸದ ವ್ಯತ್ಯಾಸವಿಟ್ಟು ಓಡಿಸುವುದೇ ತಪ್ಪು. ಆ ಸ್ಟೆಪ್ನಿ ಹಾಕಿಕೊಂಡು ಗಟ್ಟಿ ನೆಲದಲ್ಲಿ 4×4 ಹಾಕಿದರಂತೂ ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು.

‘ಲಿಫ್ಟ್ ಇದೆಯಲ್ಲ, ಟಯರ್ ತಾಗಲ್ಲ’ ಎಂದು ಅಂಗಡಿಯವರು ಹೇಳಿದ್ದರಂತೆ. ಈ ಮಾತನ್ನು ನಂಬಬೇಡಿ. ಗಾಡಿ ಎಷ್ಟೇ ಎತ್ತರದಲ್ಲಿ ನಿಂತಿರಲಿ, ಗುಂಡಿಗೆ ಬಿದ್ದಾಗ ಚಕ್ರ ಬಂಪ್ ಸ್ಟಾಪ್‌ವರೆಗೂ (ಚಕ್ರದ ಏರಿಕೆಯನ್ನು ತಡೆಯುವ ರಬ್ಬರ್ ತುಂಡು) ಮೇಲೇರುತ್ತದೆ. ಬಂಪ್ ಸ್ಟಾಪ್ ಇರುವ ಜಾಗವನ್ನು ಸ್ಪೇಸರ್ ಬದಲಿಸುವುದಿಲ್ಲ. ಜೊತೆಗೆ ರಿಮ್‌ನ ತಪ್ಪು ಸೇರಿತು. 7.5 ಇಂಚು ಅಗಲ, +33 ಆಫ್‌ಸೆಟ್‌ನ (ರಿಮ್‌ನ ಮಧ್ಯರೇಖೆಗೂ ಅದು ಹಬ್‌ಗೆ ಕೂರುವ ಮೈಗೂ ಇರುವ ದೂರ, ಮಿ.ಮೀ.ಗಳಲ್ಲಿ) ರಿಮ್ ತೆಗೆದು 9 ಇಂಚು, 0 ಆಫ್‌ಸೆಟ್‌ನದು ಹಾಕಿದರೆ ಅಗಲದಿಂದ 19, ಆಫ್‌ಸೆಟ್‌ನಿಂದ 33, ಒಟ್ಟು 52 ಮಿ.ಮೀ. ಹೊರಗೆ ಬರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಟಯರ್ ಬೀಸುವ ವೃತ್ತ ದೊಡ್ಡದಾಗಿ ಹಿಂಬದಿಯಲ್ಲಿ ಬಾಡಿಯನ್ನು ಚಾಸಿಗೆ ಕೂರಿಸುವ ಬಾಡಿ ಮೌಂಟ್‌ಗೆ ತಾಗುತ್ತದೆ, ವೀಲ್ ಬೇರಿಂಗ್ ಮೇಲೂ ಹೊರೆ ಹೆಚ್ಚುತ್ತದೆ. ಅಂಗಡಿಯವರು ಒಳಗಿನ ಪ್ಲಾಸ್ಟಿಕ್ ಕತ್ತರಿಸಿ, ತಗಡಿನ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಿಸಿದರು. ಬಣ್ಣ ಬಿರಿದ ಆ ಅಂಚಿಗೆ ಈಗ ತುಕ್ಕು ಹಿಡಿದಿದೆ.

ಹಾಗಾಗಿ ಮೊದಲು ಟಯರ್ ಅಳತೆ ನಿರ್ಧರಿಸಿ, ಅದಕ್ಕೆ ರಿಮ್, ಕೊನೆಗೆ ಲಿಫ್ಟ್. ವಿ-ಕ್ರಾಸ್‌ಗೆ 265/60 ಆರ್18 ಎಂದರೆ 775 ಮಿ.ಮೀ., ವ್ಯತ್ಯಾಸ ಬರೀ 12. ಇದಕ್ಕೆ ಲಿಫ್ಟ್ ಬೇಕಿಲ್ಲ. 265/65 ಆರ್18 ಅಥವಾ 265/70 ಆರ್17 ಸುಮಾರು 802. ಇದು 40 ಮಿ.ಮೀ. ಲಿಫ್ಟ್ ಜೊತೆ ಮೇಲಿನ ಮಿತಿ ಎಂದೇ ತಿಳಿಯಿರಿ. ರಿಮ್ 8 ಇಂಚು ದಾಟುವುದು ಬೇಡ, ಆಫ್‌ಸೆಟ್ +20ಕ್ಕಿಂತ ಕೆಳಗಿಳಿಯುವುದೂ ಬೇಡ. ಬೋಲ್ಟ್ ಅಂತರ ವಿ-ಕ್ರಾಸ್, ಹೈಲಕ್ಸ್ ಎರಡರಲ್ಲೂ 6×139.7 (139.7 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ಬೋಲ್ಟ್), ಆದರೆ ನಡುವಿನ ತೂತು ಒಂದೇ ಅಲ್ಲ. ವಿ-ಕ್ರಾಸ್‌ನದು 100.1, ಹೈಲಕ್ಸ್‌ನದು 106.1 ಮಿ.ಮೀ. ಜೆ.ಸಿ. ರಸ್ತೆಯಲ್ಲಿ ಅಲಾಯ್ ನೋಡುವಾಗ ನಡುವಿನ ತೂತನ್ನೂ ಅಳೆಯಿಸಿ, ಹೆಚ್ಚಿದ್ದರೆ ಆ ಸಂದು ತುಂಬುವ ಸೆಂಟ್ರಿಂಗ್ ರಿಂಗ್ ಕೇಳಿ. ನಟ್ಟಿನ ತಳ ಶಂಕುವೋ ಚಪ್ಪಟೆಯೋ, ರಿಮ್‌ಗೆ ಹೊಂದಲೇಬೇಕು. ಟಯರ್ ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕಡಿಮೆಯಾಗಬಾರದು. 112 ಎಂದರೆ ಒಂದು ಟಯರ್‌ಗೆ 1120 ಕೆ.ಜಿ.

ಕೆಲಸಕ್ಕೆ ಮೊದಲು ಹಬ್‌ನ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಟಯರ್ ಬದಲಾದರೂ ಈ ಅಳತೆ ಬದಲಾಗುವುದಿಲ್ಲ, ಲಿಫ್ಟ್ ಎಷ್ಟಾಯಿತೆಂದು ನಿಖರವಾಗಿ ಹೇಳುತ್ತದೆ. ಕೆಲಸ ಮುಗಿದ ಮೇಲೆ ಚಾಸಿಗೆ ಜಾಕ್ ಕೊಟ್ಟು ಚಕ್ರ ಜೋತುಬೀಳಲು ಬಿಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯುತ್ತಿವೆಯೇ, ಮೇಲಿನ ಆರ್ಮ್‌ಗೂ ಸ್ಪ್ರಿಂಗ್‌ಗೂ ಸಂದು ಇದೆಯೇ ನೋಡಿ. ಕಂಟ್ರೋಲ್ ಆರ್ಮ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗಲೇ ಆಗಬೇಕು. ಎತ್ತಿಟ್ಟಾಗಲೇ ಬಿಗಿದರೆ ಬುಷ್‌ಗಳು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತವೆ. ಹಿಂದಿನ ಯು-ಬೋಲ್ಟ್‌ಗಳು ಹೊಸವೇ ಆಗಿರಲಿ, ಹಳೆಯವು ಒಮ್ಮೆ ಎಳೆದುಕೊಂಡಿರುತ್ತವೆ. ಬ್ಲಾಕ್ ಮೇಲೆ ಬ್ಲಾಕ್ ಪೇರಿಸಲು ಒಪ್ಪಲೇಬೇಡಿ. 100 ಕಿ.ಮೀ. ಓಡಿದ ಮೇಲೆ ವೀಲ್ ನಟ್ಟು, ಯು-ಬೋಲ್ಟು ಎಲ್ಲವನ್ನೂ ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಸಬೇಕು. ಲಿಫ್ಟ್ ನಂತರ 60–80ರ ವೇಗದಲ್ಲಿ ತಳದಿಂದ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಮತ್ತು ಸೆಂಟರ್ ಬೇರಿಂಗ್ ನೋಡಿಸಿ.

ಕಾನೂನಿನ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ವಿಮೆ ಕ್ಲೇಮ್‌ಗೂ ಅಡ್ಡ ಬರಬಹುದು. ಹಾಗಾಗಿ ಕೆಲಸಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಯ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಾರ್ಖಾನೆಯ ಟಯರ್, ರಿಮ್, ಯಾವುದನ್ನೂ ಅಂಗಡಿಗೆ ಬಿಟ್ಟುಬರಬೇಡಿ. ಆ ವಿ-ಕ್ರಾಸ್ ಮಾಲೀಕರು ಅವನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರಿಂದ, ಗಾಡಿಯನ್ನು ಮೊದಲಿನ ಸ್ಥಿತಿಗೆ ತರಲು ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಯಿತು.